ಬಸಿರಿನ ವಾಕರಿಕೆ

ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಹೆಣ್ಣುಮಕ್ಕಳನ್ನು ಕಾಡುವ ಹೊಟ್ಟೆತೊಳಸು, ವಾಂತಿ, ಊಟದ ಮೇಲಿನ ಹೇವರಿಕೆ ಇವನ್ನೆಲ್ಲ ಸೇರಿಸಿ ಬಸಿರಿನ ವಾಕರಿಕೆ ಎನ್ನುತ್ತಾರೆ. ನೂರು ಗರ್ಭಿಣಿಯರಲ್ಲಿ ಸುಮಾರು 70 ಮಂದಿಗೆ ಇದು ಹೆಚ್ಚೋ ಕಡಿಮೆಯೋ ಬರುತ್ತದೆ, ಉಳಿದವರಿಗೆ ಏನೂ ಆಗುವುದಿಲ್ಲ. ಒಂದೇ ಮನೆಯ ಅಕ್ಕ ನೀರು ಕುಡಿದರೂ ಕಾರಿಕೊಳ್ಳುತ್ತಾಳೆ, ತಂಗಿ ಒಂಬತ್ತು ತಿಂಗಳೂ ಹೊಟ್ಟೆ ತುಂಬ ಉಂಡುಕೊಂಡಿರುತ್ತಾಳೆ. ಮೊದಲ ಬಸಿರಿನಲ್ಲಿ ಕಾಣದ ಸಂಕಟ ಅದೇ ಹೆಂಗಸಿಗೆ ಎರಡನೆಯದರಲ್ಲಿ ಎದುರಾಗುವುದೂ ಉಂಟು. ಹೀಗೇಕೆ ಎಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲ ಒಗಟಾಗಿಯೇ ಉಳಿದಿತ್ತು. 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ಈ ಒಗಟಿನ ದೊಡ್ಡ ಭಾಗವನ್ನು ಬಿಡಿಸಿತು. ಭ್ರೂಣ ಮತ್ತು ಮಾಸು ತಾಯಿಯ ರಕ್ತಕ್ಕೆ ಹರಿಸುವ ಒಂದು ಹಾರ್ಮೋನು ಎಷ್ಟು, ಬಸಿರಿಗೆ ಮೊದಲೇ ಅದಕ್ಕೆ ಆಕೆಯ ಮೈ ಎಷ್ಟು ಒಗ್ಗಿಕೊಂಡಿತ್ತು ಎಂಬ ಎರಡು ಸಂಗತಿಗಳ ಮೇಲೆ ವಾಕರಿಕೆಯ ತೀವ್ರತೆ ಬಹುಮಟ್ಟಿಗೆ ನಿಂತಿದೆ ಎಂದು ಅದು ತೋರಿಸಿತು.

ಲಕ್ಷಣ ಮತ್ತು ಕಾಲ

ವೈದ್ಯರು ಬಸಿರಿನ ದಿನ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ಲೆಕ್ಕದಲ್ಲಿ ನಾಲ್ಕರಿಂದ ಆರನೆಯ ವಾರದೊಳಗೆ ಹೊಟ್ಟೆತೊಳಸು ಶುರುವಾಗುತ್ತದೆ. ಎಷ್ಟೋ ಜನರಿಗೆ ಬಸಿರಾಗಿರುವುದು ಗೊತ್ತಾಗುವುದೇ ಇದರಿಂದ. ಒಂಬತ್ತನೆಯ ವಾರದ ಸುಮಾರಿಗೆ ಅದು ತುತ್ತತುದಿ ಮುಟ್ಟಿ, ಮೂರು ತಿಂಗಳು ಕಳೆದ ಮೇಲೆ ಇಳಿಯತೊಡಗುತ್ತದೆ. 20 ವಾರ ತುಂಬುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಂದಿ ಚೇತರಿಸಿಕೊಂಡಿರುತ್ತಾರೆ. ಉಳಿದವರಿಗೆ ಇನ್ನೂ ಕೆಲವು ವಾರ, ಅಪರೂಪಕ್ಕೆ ಹೆರಿಗೆಯ ದಿನದವರೆಗೂ ಬಿಡದು.

ಬೆಳಗ್ಗೆ ಎದ್ದಾಗ ಹೊಟ್ಟೆ ಖಾಲಿಯಿರುವುದರಿಂದ ತೊಳಸು ಹೆಚ್ಚು ಎದ್ದು ಕಾಣುತ್ತದೆ. ಆದರೆ ಬೆಳಗಿಗೆ ಮಾತ್ರ ಸೀಮಿತವಾಗಿ ಬರುವುದು ತೀರ ವಿರಳ. ಹೆಚ್ಚಿನವರಿಗೆ ಇದು ಹಗಲಿಡೀ ಬಿಟ್ಟುಬಿಟ್ಟು ಬರುತ್ತದೆ, ಕೆಲವರಿಗೆ ಸಂಜೆ ಅಡುಗೆಯ ಹೊತ್ತಿಗೇ ಜೋರು. ಒಗ್ಗರಣೆಯ ಹೊಗೆ, ಅನ್ನ ಬೇಯುವ ಹಬೆ, ಕಾಫಿ, ಮೀನು, ಅಗರಬತ್ತಿ, ಬಸ್ಸಿನ ಡೀಸೆಲ್ ವಾಸನೆ, ಕೆಲವರಿಗೆ ಗಂಡನ ಮೈಯ ಸೋಪಿನ ವಾಸನೆಯೂ ಸಾಕು. ಬಾಯಲ್ಲಿ ಜೊಲ್ಲು ತುಂಬಿಕೊಳ್ಳುವುದು, ನಾಲಿಗೆಗೆ ಲೋಹದ ರುಚಿ, ಹುಳಿಯ ಮೇಲೆ ಆಸೆ, ನಿನ್ನೆಯವರೆಗೆ ಇಷ್ಟವಾಗಿದ್ದ ತಿನಿಸನ್ನು ಇಂದು ಕಣ್ಣೆತ್ತಿ ನೋಡಲಾಗದಿರುವುದು ಇದರ ಜೊತೆಗಾರರು. ವಾಂತಿಯಾದರೆ ಸ್ವಲ್ಪ ಹೊತ್ತು ನಿರಾಳವಾಗಬಹುದು. ವಾಂತಿಯೇ ಆಗದೆ ಎಡೆಬಿಡದೆ ತೊಳಸುತ್ತಲೇ ಇರುವ ಸ್ಥಿತಿ ಅದಕ್ಕಿಂತ ಕಷ್ಟದ್ದು ಎಂದು ಅನುಭವಿಸಿದ ಅನೇಕರು ಹೇಳುತ್ತಾರೆ. ಹೊರಗೆ ಏನೂ ಕಾಣದ ಕಾರಣ ಅಂಥವರ ನೋವು ಮನೆಯವರ ಲೆಕ್ಕಕ್ಕೆ ಬರುವುದಿಲ್ಲ.

ನೂರರಲ್ಲಿ ಒಬ್ಬರಿಂದ ಮೂವರವರೆಗೆ, ಕೆಲವು ಜನಸಮೂಹಗಳಲ್ಲಿ ಇನ್ನೂ ಕಡಿಮೆ ಮಂದಿಗೆ, ಇದು ಕಾಯಿಲೆಯ ಮಟ್ಟ ಮುಟ್ಟುತ್ತದೆ. ವೈದ್ಯರು ಅದನ್ನು ಹೈಪರೆಮೆಸಿಸ್ ಎನ್ನುತ್ತಾರೆ, ಕನ್ನಡದಲ್ಲಿ ಅತಿವಾಂತಿ ಎನ್ನಬಹುದು. ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದೆ ತೂಕ ನೂರಕ್ಕೆ ಐದಕ್ಕಿಂತ ಹೆಚ್ಚು ಇಳಿಯುತ್ತದೆ. ಮೂತ್ರ ಕಡಿಮೆಯಾಗಿ ಕಡುಹಳದಿಗೆ ತಿರುಗುತ್ತದೆ. ಆಹಾರ ಸಿಗದ ದೇಹ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವುದರಿಂದ ಮೂತ್ರದಲ್ಲಿ ಕೀಟೋನುಗಳು ಕಾಣಿಸುತ್ತವೆ. ರಕ್ತದ ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗುತ್ತವೆ. ವಾರಗಟ್ಟಲೆ ಹೀಗೇ ಆದರೆ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿ, ಕಣ್ಣಾಲಿ ಓಲಾಡಿ, ನಡಿಗೆ ತಪ್ಪಿ, ನೆನಪು ಕೆಡುವ ವರ್ನಿಕೆ ಎಂಬ ಮಿದುಳಿನ ಹಾನಿ ಆಗಬಹುದು. ಸಿರೆಗೆ ದ್ರವ ಕೊಡುವ ಚಿಕಿತ್ಸೆ ರೂಢಿಗೆ ಬರುವ ಮೊದಲು ಇದರಿಂದ ತಾಯಂದಿರು ಸಾಯುತ್ತಿದ್ದರು. ಇಂಗ್ಲೆಂಡಿನ ಕಾದಂಬರಿಗಾರ್ತಿ ಶಾರ್ಲೆಟ್ ಬ್ರಾಂಟೆ 1855ರ ಮಾರ್ಚ್ 31ರಂದು, ಬಸಿರಿನ ಆರಂಭದ ತಿಂಗಳುಗಳಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಕ್ಷಯ ಎಂದು ಬರೆದಿದ್ದರೂ, ಕೊನೆಯ ವಾರಗಳ ನಿಲ್ಲದ ವಾಂತಿಯ ವಿವರಗಳನ್ನು ಓದಿದ ಹಲವು ವೈದ್ಯರು ಅತಿವಾಂತಿಯೇ ಕಾರಣವಿರಬೇಕೆಂದು ಭಾವಿಸುತ್ತಾರೆ. 2012ರ ಡಿಸೆಂಬರಿನಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರ ಪತ್ನಿ ಕೇಟ್ ಇದೇ ಕಾರಣಕ್ಕೆ ಆಸ್ಪತ್ರೆ ಸೇರಿದಾಗ ಈ ಕಾಯಿಲೆಯ ಹೆಸರು ಜಗತ್ತಿನ ಸಾಮಾನ್ಯ ಓದುಗರ ಕಿವಿಗೆ ಬಿತ್ತು.

ಹಳೆಯ ತಿಳಿವಳಿಕೆ, ಹೊರಿಸಿದ ತಪ್ಪು

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭ ನಿಂತ ಗುರುತುಗಳ ಪಟ್ಟಿಯಿದೆ. ಮುಟ್ಟು ನಿಲ್ಲುವುದು, ಬಾಯಲ್ಲಿ ನೀರೂರುವುದು, ಅನ್ನ ಬೇಡವೆನಿಸುವುದು, ವಾಂತಿ, ಅರುಚಿ, ಹುಳಿಯ ಬಯಕೆ ಎಲ್ಲವೂ ಅಲ್ಲಿ ಸಾಲಾಗಿ ಬರುತ್ತವೆ. ಇಂದು ಪ್ರಸೂತಿ ವೈದ್ಯೆ ತನ್ನ ಮುಂದೆ ಕುಳಿತವಳನ್ನು ಕೇಳುವ ಪ್ರಶ್ನೆಗಳಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ರೋಮ್ ನಗರದಲ್ಲಿ ಕ್ರಿ.ಶ. ಎರಡನೆಯ ಶತಮಾನದಲ್ಲಿ ವೈದ್ಯವೃತ್ತಿ ನಡೆಸಿದ ಗ್ರೀಕನಾದ ಸೊರಾನಸ್, ಸಂಕಟವು ನಲವತ್ತನೆಯ ದಿನದ ಸುಮಾರಿಗೆ ತೊಡಗಿ ನಾಲ್ಕು ತಿಂಗಳಷ್ಟು ಇರುತ್ತದೆ ಎಂದು ಬರೆದ. ನೋಡಿದ್ದನ್ನು ನೋಡಿದಂತೆ ದಾಖಲಿಸುವುದರಲ್ಲಿ ಹಳಬರು ಸೋಲಲಿಲ್ಲ.

ಸೋತದ್ದು ಇಪ್ಪತ್ತನೆಯ ಶತಮಾನ. ಮನೋವಿಶ್ಲೇಷಣೆಯ ಪ್ರಭಾವ ಬಲವಾಗಿದ್ದ ದಶಕಗಳಲ್ಲಿ ಯುರೋಪು, ಅಮೆರಿಕಗಳ ವೈದ್ಯರು ಅತಿವಾಂತಿಗೆ ಹೆಣ್ಣಿನ ಮನಸ್ಸಿನಲ್ಲೇ ಕಾರಣ ಹುಡುಕಿದರು. ಕೂಸು ಬೇಡವೆಂಬ ಒಳ ಆಸೆ, ಗಂಡನ ಮೇಲಿನ ಅಸಹ್ಯ, ತಾಯ್ತನದ ನಿರಾಕರಣೆ, ಉನ್ಮಾದ ಎಂಬ ಮಾತುಗಳು ಪಠ್ಯಪುಸ್ತಕಗಳನ್ನು ಸೇರಿದವು. ರೋಗಿಯನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯವರು ನೋಡಲು ಬರದಂತೆ ತಡೆದು, ‘ನಾಟಕ’ ಬಿಡಿಸುವುದೇ ಚಿಕಿತ್ಸೆ ಎಂದುಕೊಂಡ ಆಸ್ಪತ್ರೆಗಳಿದ್ದವು. ಇಂಥ ವಾದಕ್ಕೆ ಗಟ್ಟಿ ಆಧಾರ ಎಂದೂ ಸಿಗಲಿಲ್ಲ. ಅತಿವಾಂತಿ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚಾಗಿ ಕಾಣುವುದು ನಿಜ, ಆದರೆ ಅದು ವಾಂತಿಯ ಫಲ. ವಾರಗಟ್ಟಲೆ ಉಣ್ಣದೆ, ನಿದ್ದೆಯಿಲ್ಲದೆ, ನಂಬುವವರಿಲ್ಲದೆ ಮಲಗಿದ ಯಾರ ಮನಸ್ಸಾದರೂ ಕುಗ್ಗುತ್ತದೆ. ಆ ಹಳೆಯ ನಂಬಿಕೆಯ ಎಂಜಲು ಇನ್ನೂ ಹೋಗಿಲ್ಲ. ‘ನಾವು ಹೆತ್ತಿಲ್ವೇನಮ್ಮ, ಎದ್ದು ಕೆಲಸ ಮಾಡು, ಸರಿಹೋಗುತ್ತೆ’ ಎಂಬ ಮಾತನ್ನು ಕೇಳದ ಸೊಸೆಯರು ನಮ್ಮಲ್ಲಿ ಕಡಿಮೆ. ಹೇಳುವ ಅತ್ತೆಯ ಅನುಭವವೂ ಸುಳ್ಳಲ್ಲ. ಆಕೆಗೆ ಬಂದದ್ದು ಅಷ್ಟೇ ಇರಬಹುದು. ಇಬ್ಬರ ಮೈಯೂ ಒಂದೇ ಅಲ್ಲ ಎಂಬುದನ್ನು ಮಾತ್ರ ಇಬ್ಬರಿಗೂ ಯಾರೂ ಹೇಳಿಕೊಟ್ಟಿಲ್ಲ.

ಈ ಅಪನಂಬಿಕೆಯೇ ಸಂಶೋಧನೆಗೂ ಅಡ್ಡವಾಯಿತು. ಮನಸ್ಸಿನ ಆಟ ಎಂದು ಬದಿಗೆ ಸರಿಸಿದ ಕಾಯಿಲೆಗೆ ಹಣ ಕೊಡುವವರು ಯಾರು? ಅಮೆರಿಕದ ತಳಿವಿಜ್ಞಾನಿ ಮಾರ್ಲೀನಾ ಫೀಝೊ 1999ರಲ್ಲಿ ಸ್ವತಃ ಅತಿವಾಂತಿಯಿಂದ ಹಾಸಿಗೆ ಹಿಡಿದು, ಅಲುಗಾಡಲೂ ಆಗದ ಸ್ಥಿತಿ ತಲುಪಿ, 15ನೆಯ ವಾರದಲ್ಲಿ ಕೂಸನ್ನು ಕಳೆದುಕೊಂಡರು. ಅವರ ಕಷ್ಟವನ್ನು ಆಗ ವೈದ್ಯರೇ ಹಗುರವಾಗಿ ಕಂಡಿದ್ದರು. ಮುಂದಿನ ಎರಡು ದಶಕಗಳನ್ನು ಅವರು ಇದರ ಕಾರಣ ಹುಡುಕುವುದಕ್ಕೇ ಮುಡಿಪಾಗಿಟ್ಟರು.

ಹಾರ್ಮೋನುಗಳ ಹುಡುಕಾಟ

ಮೊದಲು ಗುಮಾನಿ ಬಿದ್ದದ್ದು ಎಚ್‌ಸಿಜಿ ಎಂಬ ಹಾರ್ಮೋನಿನ ಮೇಲೆ. ಬಸಿರಿನ ಪರೀಕ್ಷೆಯ ಕಡ್ಡಿಯಲ್ಲಿ ಎರಡನೆಯ ಗೆರೆ ಮೂಡಿಸುವುದು ಇದೇ. ಇದು ರಕ್ತದಲ್ಲಿ ಏರಿ ಎಂಟರಿಂದ ಹತ್ತನೆಯ ವಾರದಲ್ಲಿ ತುದಿ ಮುಟ್ಟಿ ಇಳಿಯುತ್ತದೆ, ವಾಂತಿಯ ಏರಿಳಿತವೂ ಹೆಚ್ಚುಕಡಿಮೆ ಹಾಗೆಯೇ. ಅವಳಿ ಬಸಿರಿನಲ್ಲಿ, ಮತ್ತು ಭ್ರೂಣದ ಬದಲು ದ್ರಾಕ್ಷಿಗೊಂಚಲಿನಂಥ ಗುಳ್ಳೆಗಳು ಬೆಳೆಯುವ ಮೋಲಾರ್ ಬಸಿರಿನಲ್ಲಿ ಎಚ್‌ಸಿಜಿ ಹೆಚ್ಚು, ವಾಂತಿಯೂ ಹೆಚ್ಚು. ಇದು ಥೈರಾಯ್ಡ್ ಗ್ರಂಥಿಯನ್ನೂ ಕೆಣಕುವುದರಿಂದ ಅತಿವಾಂತಿಯಲ್ಲಿ ಥೈರಾಯ್ಡ್ ಪರೀಕ್ಷೆ ತಾತ್ಕಾಲಿಕವಾಗಿ ಏರುಪೇರು ತೋರಿಸುವುದುಂಟು. ಆದರೆ ಒಬ್ಬೊಬ್ಬರ ರಕ್ತದಲ್ಲಿ ಅಳೆದು ನೋಡಿದಾಗ ಎಚ್‌ಸಿಜಿ ಮಟ್ಟಕ್ಕೂ ವಾಂತಿಯ ಜೋರಿಗೂ ಎಲ್ಲ ಅಧ್ಯಯನಗಳಲ್ಲಿ ತಾಳೆಯಾಗಲಿಲ್ಲ. ಕಾಲ ಹೊಂದಿತು, ಕಾರಣ ಹೊಂದಲಿಲ್ಲ.

ಈಸ್ಟ್ರೊಜನ್ ಮತ್ತು ಪ್ರೊಜೆಸ್ಟೆರಾನುಗಳ ಕತೆಯೂ ಅಷ್ಟೇ. ಗರ್ಭನಿರೋಧಕ ಮಾತ್ರೆಯಿಂದ ಹೊಟ್ಟೆ ತೊಳಸಿದವರಿಗೆ ಬಸಿರಿನಲ್ಲೂ ತೊಳಸುವ ಸಂಭವ ಹೆಚ್ಚು. ಪ್ರೊಜೆಸ್ಟೆರಾನು ಜಠರದ ಸ್ನಾಯುಗಳನ್ನು ಸಡಿಲಿಸಿ ತಿಂದದ್ದು ಮುಂದೆ ಸಾಗುವುದನ್ನು ನಿಧಾನಿಸುತ್ತದೆ. ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೀಡುಬಿಟ್ಟವರಲ್ಲಿ ಅತಿವಾಂತಿ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಮೈಗ್ರೇನ್ ತಲೆನೋವಿನವರು, ಬಸ್ಸು ಹತ್ತಿದರೆ ವಾಂತಿ ಬರುವವರು ಬಸಿರಿನಲ್ಲೂ ಹೆಚ್ಚು ಬಳಲುತ್ತಾರೆ. ಹುಟ್ಟಿನಿಂದಲೇ ವಾಸನೆ ಗ್ರಹಿಸಲಾರದ ಬೆರಳೆಣಿಕೆಯ ಹೆಂಗಸರನ್ನು ವಿಚಾರಿಸಿದಾಗ ಅವರಲ್ಲಿ ವಾಕರಿಕೆ ಬಹಳ ಕಡಿಮೆಯೆಂದು ತಿಳಿದುಬಂತು. ಇವೆಲ್ಲ ಬೆಂಕಿಗೆ ಗಾಳಿ ಹಾಕುವ ಸಂಗತಿಗಳು, ಕಿಡಿ ಹಚ್ಚಿದ್ದು ಬೇರೆ.

ತಳಿಯ ಸುಳಿವುಗಳೂ ಬಹಳ ದಿನದಿಂದ ಇದ್ದವು. ನಾರ್ವೆ ದೇಶವು 1967ರಿಂದ ತನ್ನಲ್ಲಾಗುವ ಎಲ್ಲ ಹೆರಿಗೆಗಳನ್ನೂ ದಾಖಲಿಸುತ್ತ ಬಂದಿದೆ. ಅದನ್ನು ಜಾಲಾಡಿದಾಗ, ತಾಯಿಗೆ ಅತಿವಾಂತಿ ಆಗಿದ್ದರೆ ಮಗಳಿಗೆ ಬರುವ ಸಂಭವ ನೂರಕ್ಕೆ 3, ಇಲ್ಲದಿದ್ದರೆ 1.1 ಎಂದು ಕಂಡಿತು. ಗಂಡನ ತಾಯಿಗೆ ಆಗಿದ್ದಿತೋ ಇಲ್ಲವೋ ಎಂಬುದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಮೊದಲ ಬಸಿರಿನಲ್ಲಿ ಅತಿವಾಂತಿ ಆದವರಿಗೆ ಎರಡನೆಯದರಲ್ಲಿ ಮರುಕಳಿಸಿದ್ದು ನೂರಕ್ಕೆ 15ರಷ್ಟು, ಮೊದಲು ಆಗದವರಿಗೆ ನೂರಕ್ಕೆ ಒಂದೂ ಇಲ್ಲ. ಎರಡನೆಯ ಕೂಸಿನ ತಂದೆ ಬೇರೆಯಾಗಿದ್ದರೆ ಮರುಕಳಿಸುವ ಸಂಭವ ಕೊಂಚ ತಗ್ಗಿತು. ತಾಯಿಯ ತಳಿ ಮುಖ್ಯ, ಆದರೆ ಗರ್ಭದೊಳಗಿನ ಕೂಸಿನ ತಳಿಯೂ ಮಾತಾಡುತ್ತಿದೆ ಎಂಬ ಸೂಚನೆ ಇದು. ಬ್ರಿಟನ್ ಮತ್ತು ನಾರ್ವೆಗಳಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಹೆಂಗಸರಲ್ಲಿ ಅಲ್ಲಿನ ಬಿಳಿಯರಿಗಿಂತ ಅತಿವಾಂತಿ ಹೆಚ್ಚು ಎಂಬುದೂ ದಾಖಲಾಗಿದೆ. ವಲಸೆ ಹೋದ ಕನ್ನಡದ ಹೆಣ್ಣುಮಕ್ಕಳು ಅಲ್ಲಿನ ವೈದ್ಯರ ಮುಂದೆ ತಮ್ಮ ಕಷ್ಟ ಹೇಳಿಕೊಳ್ಳುವಾಗ ಇದನ್ನು ತಿಳಿದಿರುವುದು ಒಳ್ಳೆಯದು.

ಹೆಣ್ಣು ಕೂಸಾದರೆ ವಾಂತಿ ಜಾಸ್ತಿ ಎಂಬ ಮಾತು ಊರೂರಲ್ಲಿದೆ. ಆಸ್ಪತ್ರೆ ಸೇರುವಷ್ಟು ಅತಿವಾಂತಿಯಾದವರ ದೊಡ್ಡ ಲೆಕ್ಕಗಳಲ್ಲಿ ಹೆಣ್ಣು ಕೂಸುಗಳು ಸ್ವಲ್ಪ ಹೆಚ್ಚು ಇರುವುದು ನಿಜ. ಆದರೆ ಆ ಹೆಚ್ಚಳ ಎಷ್ಟು ಸಣ್ಣದೆಂದರೆ ಒಬ್ಬಳ ವಾಂತಿ ನೋಡಿ ಕೂಸು ಯಾವುದೆಂದು ಹೇಳುವುದು ಸಾಧ್ಯವೇ ಇಲ್ಲ.

ಜಿಡಿಎಫ್15

ಜೀವಕೋಶಗಳು ಸಂಕಷ್ಟಕ್ಕೆ ಸಿಕ್ಕಾಗ ಹೊರಬಿಡುವ ಒಂದು ಪ್ರೋಟೀನನ್ನು ವಿಜ್ಞಾನಿಗಳು 1997ರಲ್ಲಿ ಗುರುತಿಸಿದ್ದರು. ಅದರ ಹೆಸರು ಜಿಡಿಎಫ್15. ಸೋಂಕು, ಗಾಯ, ಕ್ಯಾನ್ಸರ್ ಇದ್ದಾಗ ಇದು ರಕ್ತದಲ್ಲಿ ಏರುತ್ತದೆ, ಹಸಿವನ್ನು ಕೊಲ್ಲುತ್ತದೆ. ಇದು ಮಿದುಳಿನ ಯಾವ ಬಾಗಿಲು ತಟ್ಟುತ್ತದೆ ಎಂಬುದು 2017ರಲ್ಲಿ ತಿಳಿಯಿತು. ಬೊಜ್ಜಿನ ಔಷಧ ಹುಡುಕುತ್ತಿದ್ದ ನಾಲ್ಕು ತಂಡಗಳು ಒಂದೇ ವರ್ಷದಲ್ಲಿ, ಜಿಎಫ್‌ಆರ್‌ಎಎಲ್ ಎಂಬ ಗ್ರಾಹಕವೇ ಆ ಬಾಗಿಲೆಂದು ತೋರಿಸಿದವು. ಆ ಗ್ರಾಹಕ ಇರುವುದು ಮಿದುಳಿನ ಹಿಂಬದಿಯ ಬುಡದಲ್ಲಿ, ಏರಿಯಾ ಪೋಸ್ಟ್ರೀಮ ಎಂಬ ಸಣ್ಣ ಜಾಗ ಮತ್ತು ಅದರ ಪಕ್ಕದಲ್ಲಿ. ಮಿದುಳಿನ ಬೇರೆ ಭಾಗಗಳಿಗೆ ರಕ್ತದಲ್ಲಿರುವುದೆಲ್ಲ ನುಗ್ಗದಂತೆ ತಡೆಗೋಡೆಯಿದೆ, ಇಲ್ಲಿ ಅದು ಸಡಿಲ. ರಕ್ತದಲ್ಲಿ ವಿಷ ಬೆರೆತಿದೆಯೇ ಎಂದು ಸದಾ ಪರೀಕ್ಷಿಸುತ್ತ, ಅನುಮಾನ ಬಂದ ಕೂಡಲೇ ವಾಂತಿ ಮಾಡಿಸುವುದು ಈ ಜಾಗದ ಕೆಲಸ.

ಜಿಡಿಎಫ್15ನ್ನು ಮಾಸು ಹೇರಳವಾಗಿ ತಯಾರಿಸುತ್ತದೆ. 2018ರಲ್ಲಿ ಫೀಝೊ ಮತ್ತು ಸಂಗಡಿಗರು, ವಂಶಾವಳಿ ಪರೀಕ್ಷೆಗಾಗಿ ಜೊಲ್ಲು ಕೊಟ್ಟಿದ್ದ ಸಾವಿರಾರು ಹೆಂಗಸರ ಡಿಎನ್ಎ ಹೋಲಿಸಿ ನೋಡಿದರು. ಅತಿವಾಂತಿ ಅನುಭವಿಸಿದವರಲ್ಲಿ ಎಲ್ಲಕ್ಕಿಂತ ಬಲವಾಗಿ ಎದ್ದು ಕಂಡದ್ದು ಜಿಡಿಎಫ್15 ಜೀನಿನ ಸುತ್ತಲಿನ ವ್ಯತ್ಯಾಸಗಳು.

ಮುಂದಿನ ಹೆಜ್ಜೆಯನ್ನು ಫೀಝೊ ಕೇಂಬ್ರಿಜ್ ವಿಶ್ವವಿದ್ಯಾಲಯದ ಸ್ಟೀಫನ್ ಒ'ರಾಹಿಲಿ ಅವರ ತಂಡದ ಜೊತೆ ಸೇರಿ ಇಟ್ಟರು. ಅವರ ಮೊದಲ ಪ್ರಶ್ನೆ, ಬಸುರಿಯ ರಕ್ತದಲ್ಲಿ ಏರುವ ಜಿಡಿಎಫ್15 ಯಾರದು ಎಂಬುದು. ತಾಯಿಯದೊಂದು ಬಗೆ, ಕೂಸಿನದು ಇನ್ನೊಂದು ಬಗೆ ಆಗಿರುವ ಬಸಿರುಗಳನ್ನು ಆರಿಸಿ, ರಕ್ತದಲ್ಲಿರುವ ಪ್ರೋಟೀನಿನ ಬಗೆಯನ್ನು ಬೇರ್ಪಡಿಸಿ ಅಳೆದರು. ಬಹುಪಾಲು ಬಂದದ್ದು ಕೂಸಿನ ಕಡೆಯಿಂದ, ಅಂದರೆ ಮಾಸಿನಿಂದ. ಅತಿವಾಂತಿ ಇದ್ದವರ ರಕ್ತದಲ್ಲಿ ಅದು ಇನ್ನೂ ಹೆಚ್ಚು.

ಎರಡನೆಯ ಫಲಿತಾಂಶ ಅಚ್ಚರಿಯದು. ಜಿಡಿಎಫ್15 ಮಟ್ಟವನ್ನು ಬಸಿರಿಲ್ಲದ ದಿನಗಳಲ್ಲಿ ಕಡಿಮೆ ಮಾಡುವ ತಳಿಗುಣ ಇರುವವರಿಗೇ ಅತಿವಾಂತಿಯ ಅಪಾಯ ಹೆಚ್ಚು! ಅಂಥ ಒಂದು ಅಪರೂಪದ ತಳಿವ್ಯತ್ಯಾಸ ಹೊತ್ತವರಲ್ಲಿ ಅಪಾಯ ಹತ್ತುಪಟ್ಟಿನಷ್ಟು ಏರುತ್ತದೆ. ಹಾರ್ಮೋನು ಹೆಚ್ಚಾದರೆ ಕಾಯಿಲೆ ಎನ್ನುವುದಾದರೆ, ಮೊದಲು ಕಡಿಮೆ ಇದ್ದವರಿಗೇಕೆ ಕಷ್ಟ? ಉತ್ತರ ಒಗ್ಗಿಕೊಳ್ಳುವುದರಲ್ಲಿದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಿನವೂ ಮೂಟೆ ಹೊರುವ ಹಮಾಲರು ಘಾಟಿನ ನಡುವೆಯೇ ಕೂತು ಬುತ್ತಿ ಬಿಚ್ಚುತ್ತಾರೆ, ಹೊಸದಾಗಿ ಕಾಲಿಟ್ಟವರು ಬಾಗಿಲಲ್ಲೇ ಕೆಮ್ಮಿ ಕಣ್ಣೀರಿಡುತ್ತಾರೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಜಿಡಿಎಫ್15 ಕಂಡ ಮಿದುಳು ಬಸಿರಿನ ಪ್ರವಾಹವನ್ನು ತಡೆದುಕೊಳ್ಳುತ್ತದೆ. ಕಾಣದ ಮಿದುಳಿಗೆ ಅದು ವಿಷದಂತೆ ತೋರುತ್ತದೆ.

ಇದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ನಮ್ಮ ನೆರೆಯ ಶ್ರೀಲಂಕಾದಲ್ಲಿ. ಬೀಟಾ ಥಲಸೀಮಿಯ ಎಂಬ ರಕ್ತದ ಕಾಯಿಲೆಯವರ ಮೈಯಲ್ಲಿ ಜಿಡಿಎಫ್15 ಹುಟ್ಟಿನಿಂದಲೂ ಬಹಳ ಹೆಚ್ಚಿರುತ್ತದೆ. ತಾಯಿಯಾದ ಅಂಥ ಹೆಂಗಸರನ್ನು ಕೇಳಿದಾಗ ವಾಕರಿಕೆ ಇತ್ತು ಎಂದವರು ನೂರಕ್ಕೆ 5ರಷ್ಟು ಮಾತ್ರ, ಅದೇ ಊರುಗಳ ಇತರರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು. ಇಲಿಗಳಿಗೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ ಅವು ಎಷ್ಟು ತಿನ್ನುತ್ತವೆ ಎಂಬುದನ್ನು ಅಳೆದರು. ಮೊದಲೇ ನಿಧಾನವಾಗಿ ಜಿಡಿಎಫ್15 ಪಡೆದ ಇಲಿಗಳು, ಅನಂತರ ಒಮ್ಮೆಲೇ ದೊಡ್ಡ ಪ್ರಮಾಣ ಕೊಟ್ಟಾಗ ಉಳಿದವುಗಳಷ್ಟು ಮೇವು ಬಿಡಲಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಬಸಿರಿನ ವಾಕರಿಕೆ ಕಡಿಮೆ ಎಂಬ ಹಳೆಯ ಗಮನಿಕೆಗೂ ಇಲ್ಲಿ ಅರ್ಥ ದೊರೆಯಿತು, ಹೊಗೆ ಜಿಡಿಎಫ್15ನ್ನು ಏರಿಸುತ್ತದೆ. ಹೊಗೆಯು ಕೂಸಿಗೆ ಮಾಡುವ ಕೇಡು ವಾಂತಿಗಿಂತ ಎಷ್ಟೋ ಪಾಲು ದೊಡ್ಡದಾದ್ದರಿಂದ ಇದರಿಂದ ಯಾವ ಸಲಹೆಯೂ ಹುಟ್ಟುವುದಿಲ್ಲ.

ಅಕ್ಕತಂಗಿಯರ ವ್ಯತ್ಯಾಸ, ಒಂದು ಬಸಿರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎರಡೂ ಈಗ ಒಂದೇ ದಾರದಲ್ಲಿ ಪೋಣಿಸಿದಂತೆ ಅರ್ಥವಾಗುತ್ತವೆ. ತಾಯಿಯ ಹಳೆಯ ಮಟ್ಟ ಆಕೆಯ ತಳಿ, ಆರೋಗ್ಯಗಳಿಂದ ಬಂದದ್ದು. ಕೂಸು ಕಳಿಸುವ ಪ್ರಮಾಣ ತಂದೆತಾಯಿ ಇಬ್ಬರಿಂದ ಅದು ಪಡೆದ ತಳಿಯಿಂದ, ಮಾಸಿನ ಗಾತ್ರದಿಂದ ಬಂದದ್ದು. ಪ್ರತಿ ಬಸಿರಿನಲ್ಲೂ ಕೂಸು ಬೇರೆ. ಜಿಡಿಎಫ್15 ಒಂದೇ ಎಲ್ಲವನ್ನೂ ವಿವರಿಸುತ್ತದೆ ಎಂದು ಸಂಶೋಧಕರೂ ಹೇಳುವುದಿಲ್ಲ. ತಳಿ ಅಧ್ಯಯನಗಳಲ್ಲಿ ಪ್ರೊಜೆಸ್ಟೆರಾನ್ ಗ್ರಾಹಕದ ಜೀನು, ಮಾಸಿನ ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್‌ಬಿಪಿ7 ಜೀನು ಕೂಡ ಕಾಣಿಸಿಕೊಂಡಿವೆ. ಆದರೂ ಮೂಲ ಕಿಡಿ ಇದೇ ಎನ್ನಲು ಈಗ ಸಾಕಷ್ಟು ಆಧಾರವಿದೆ.

ವಾಕರಿಕೆಯಿಂದ ಉಪಯೋಗವಿದೆಯೇ?

ಮೈ ಹೀಗೆ ವರ್ತಿಸುವುದರಿಂದ ಏನಾದರೂ ಲಾಭವಿರಬೇಕು ಎಂದು ಜೀವವಿಕಾಸದ ವಿದ್ವಾಂಸರು ವಾದಿಸಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಫ್ಲಾಕ್ಸ್‌ಮನ್, ಪಾಲ್ ಶೆರ್ಮನ್ 2000ದಲ್ಲಿ ಹಲವು ದೇಶಗಳ ಮಾಹಿತಿ ಒಟ್ಟುಗೂಡಿಸಿದರು. ಕೂಸಿನ ಅಂಗಾಂಗಗಳು ರೂಪುಗೊಳ್ಳುವ ವಾರಗಳಲ್ಲೇ ವಾಕರಿಕೆ ತುದಿಯಲ್ಲಿರುತ್ತದೆ, ಹೇವರಿಕೆ ಹೆಚ್ಚು ಹುಟ್ಟುವುದು ಬೇಗ ಕೆಡುವ ಮಾಂಸ, ಮೀನು, ಮೊಟ್ಟೆಗಳ ಮೇಲೆ ಎಂದು ಅವರು ತೋರಿಸಿದರು. ರೋಗಾಣು, ವಿಷಗಳಿಂದ ತಾಯಿಯನ್ನೂ ಕೂಸನ್ನೂ ಕಾಪಾಡುವ ಏರ್ಪಾಡು ಇದು ಎಂಬುದು ಅವರ ಮಂಡನೆ. 2016ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹಿಂದೆ ಗರ್ಭಪಾತವಾಗಿದ್ದ ಸುಮಾರು 800 ಹೆಂಗಸರನ್ನು ದಿನದಿನವೂ ಗಮನಿಸಿದಾಗ, ವಾಕರಿಕೆ ಇದ್ದವರಲ್ಲಿ ಗರ್ಭ ಕಳೆದುಹೋಗುವ ಸಂಭವ ಅರ್ಧಕ್ಕಿಳಿದಿತ್ತು. ವಾಂತಿಯೂ ಸೇರಿದ್ದರೆ ಇನ್ನೂ ಕಡಿಮೆ. ಮಾಸು ಚೆನ್ನಾಗಿ ಬೇರೂರಿದೆ ಎಂಬುದರ ಗುರುತಷ್ಟೇ ಇದಾಗಿರಲೂಬಹುದು. ವಾಕರಿಕೆಯಿಲ್ಲದ ಅಸಂಖ್ಯ ಬಸಿರುಗಳಲ್ಲಿ ಗಟ್ಟಿಮುಟ್ಟಾದ ಕೂಸುಗಳು ಹುಟ್ಟುತ್ತವೆ. ‘ನನಗೇನೂ ಆಗುತ್ತಿಲ್ಲವಲ್ಲ’ ಎಂದು ಹೆದರುವ ಕಾರಣವಿಲ್ಲ.

ವಾಕರಿಕೆ ತಾಯಿಯನ್ನೂ ಕೂಸನ್ನೂ ಕಾಪಾಡುತ್ತದೆ ಎಂಬ ವಾದವನ್ನು ಪರೀಕ್ಷಿಸಿದ ಒಂದು ಒಳ್ಳೆಯ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಕೇಟ್ಲಿನ್ ಪ್ಲಾಸೆಕ್, ಎಡ್ವರ್ಡ್ ಹೇಗನ್ ಮತ್ತು ಸಂಗಡಿಗರು ಮೈಸೂರು ಸೀಮೆಯ ಹಳ್ಳಿಗಳ 72 ಬಸುರಿಯರನ್ನೂ, ಕಾಡಿನಿಂದ ಹೊರಗೆ ನೆಲೆಗೊಳಿಸಿದ ಜೇನುಕುರುಬ ಸಮುದಾಯದ 30 ಬಸುರಿಯರನ್ನೂ ಮಾತಾಡಿಸಿದರು. 31 ತಿನಿಸುಗಳ ಚಿತ್ರ ತೋರಿಸಿ ಯಾವುದು ಅಸಹ್ಯ, ಯಾವುದನ್ನು ಹಿರಿಯರು ಬೇಡವೆಂದಿದ್ದಾರೆ ಎಂದು ಕೇಳಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಿನ ವಾಕರಿಕೆಯ ಜೊತೆ ಹೆಣೆದುಕೊಂಡಿದ್ದುದು ಖಾರದ, ಮಸಾಲೆಯ ತಿನಿಸುಗಳ ಮೇಲಿನ ಹೇವರಿಕೆ. ಸೋಂಕಿನ ಭಯ ಹೆಚ್ಚಿರುವ ಕಡೆ ಮಾಂಸದ ಹೇವರಿಕೆ ಹೆಚ್ಚೇನೂ ಕಾಣಲಿಲ್ಲ. ದಿನಬಳಕೆಯ ಧಾನ್ಯವೇ ಬೇಡವೆನಿಸಿದವರು ಬಹಳ ಮಂದಿ. ಹಿರಿಯರು ಬೇಡವೆನ್ನುವ ತಿನಿಸುಗಳ ಪಟ್ಟಿ ಮಾತ್ರ ಬೇರೆಯೇ. ಗರ್ಭ ಇಳಿದುಹೋದೀತೆಂಬ ಅಂಜಿಕೆಯಿಂದ ಹುಟ್ಟಿದ ಆ ಪಟ್ಟಿ ಒಂಬತ್ತು ತಿಂಗಳೂ ಜಾರಿಯಲ್ಲಿರುತ್ತದೆ. ಮೈ ಬೇಡವೆನ್ನುವುದಕ್ಕೂ ಮನೆ ಬೇಡವೆನ್ನುವುದಕ್ಕೂ ಬೇರೆ ಬೇರೆ ಬೇರುಗಳಿವೆ ಎಂಬ ಈ ತಿಳಿವು ಪಥ್ಯ ಹೇಳುವ ಆಶಾ ಕಾರ್ಯಕರ್ತೆಯರಿಗೂ ಉಪಯೋಗದ್ದು.

ಔಷಧ ಮತ್ತು ಭಯ

ವಾಂತಿಗೆ ಮಾತ್ರೆ ನುಂಗಲು ಬಸುರಿಯರು ಹಿಂಜರಿಯುತ್ತಾರೆ. ಅದರ ಹಿಂದೆ ಒಂದು ದುರಂತವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆಯನ್ನು ಬಸಿರಿನ ವಾಕರಿಕೆಗೂ ಕೊಡುತ್ತಿದ್ದರು. ಮುಟ್ಟು ತಪ್ಪಿದ ಮೊದಲ ವಾರಗಳಲ್ಲೇ, ಅಂದರೆ ವಾಕರಿಕೆ ಏಳುವ ಹೊತ್ತಿನಲ್ಲೇ, ಅದು ಕೂಸಿನ ಕೈಕಾಲುಗಳ ಬೆಳವಣಿಗೆಯನ್ನು ಕತ್ತರಿಸಿಹಾಕುತ್ತಿತ್ತು. 1961ರ ನವೆಂಬರಿನಲ್ಲಿ ಹಿಂದೆಗೆಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದರು. ಅಮೆರಿಕದಲ್ಲಿ ಔಷಧ ನಿಯಂತ್ರಣ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ ಪುರಾವೆ ಸಾಲದೆಂದು ಪಟ್ಟು ಹಿಡಿದು ಅನುಮತಿ ಕೊಡದೆ ಅಲ್ಲಿನ ಮಕ್ಕಳನ್ನು ಉಳಿಸಿದರು.

ಆ ಭಯ ಒಳ್ಳೆಯ ಔಷಧವನ್ನೂ ಬಲಿ ತೆಗೆದುಕೊಂಡಿತು. ಡಾಕ್ಸಿಲಮೀನ್ ಮತ್ತು ಬಿ6 ಜೀವಸತ್ವ ಸೇರಿದ ಮಾತ್ರೆ ಅಮೆರಿಕದಲ್ಲಿ 1956ರಿಂದ ಬೆಂಡೆಕ್ಟಿನ್ ಹೆಸರಿನಲ್ಲಿ ಲಕ್ಷಾಂತರ ಮಂದಿಗೆ ನೆಮ್ಮದಿ ಕೊಟ್ಟಿತ್ತು. ಅದರಿಂದ ಅಂಗವೈಕಲ್ಯ ಬರುತ್ತದೆಂಬ ದಾವೆಗಳು ಸಾಲುಗಟ್ಟಿ, ಆಧಾರವಿಲ್ಲದಿದ್ದರೂ ಖರ್ಚು ತಾಳದೆ ಕಂಪನಿ 1983ರಲ್ಲಿ ಮಾರಾಟ ನಿಲ್ಲಿಸಿತು. ಸಾಕಷ್ಟು ಅಧ್ಯಯನಗಳು ಸುರಕ್ಷಿತವೆಂದ ಮೇಲೂ ಅದು ಅಮೆರಿಕಕ್ಕೆ ಹೊಸ ಹೆಸರಿನಲ್ಲಿ ಮರಳಲು 2013ರವರೆಗೆ ಕಾಯಬೇಕಾಯಿತು. ಭಾರತದ ಔಷಧ ಅಂಗಡಿಗಳಲ್ಲಿ ಇದೇ ಜೋಡಿಯ ಮಾತ್ರೆ ಸಿಗುತ್ತದೆ, ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದೂ ಇದನ್ನೇ.

ಸೌಮ್ಯ ವಾಕರಿಕೆಗೆ ಮನೆಯ ಉಪಾಯಗಳು ಸಾಕಾಗಬಹುದು. ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ತಿನ್ನುವುದು, ಹಾಸಿಗೆಯಿಂದ ಏಳುವ ಮೊದಲೇ ಒಣ ತಿನಿಸು, ರಸ್ಕೋ ಮಂಡಕ್ಕಿಯೋ ಬಾಯಿಗೆ ಹಾಕಿಕೊಳ್ಳುವುದು, ಬಿಸಿ ಅಡುಗೆಯ ವಾಸನೆ ಆಗದಿದ್ದರೆ ಆರಿದ್ದನ್ನು ಉಣ್ಣುವುದು, ಊಟದ ಜೊತೆ ಬಿಟ್ಟು ನಡುವೆ ಗುಟುಕು ಗುಟುಕಾಗಿ ನೀರು, ಮಜ್ಜಿಗೆ, ಎಳನೀರು ಕುಡಿಯುವುದು. ಶುಂಠಿಯಿಂದ ಹೊಟ್ಟೆತೊಳಸು ತಗ್ಗುತ್ತದೆ ಎಂಬುದಕ್ಕೆ ಪರೀಕ್ಷೆಗಳ ಬೆಂಬಲವಿದೆ, ವಾಂತಿಯ ಮೇಲೆ ಅದರ ಹಿಡಿತ ಅಷ್ಟಿಲ್ಲ. ಒಗ್ಗರಣೆಯ ಕೆಲಸ ಕೆಲವು ವಾರ ಮನೆಯ ಬೇರೆಯವರು ವಹಿಸಿಕೊಂಡರೆ ಆಗುವ ಉಪಕಾರ ಯಾವ ಔಷಧಕ್ಕೂ ಕಡಿಮೆಯಲ್ಲ. ಕಬ್ಬಿಣದ ಮಾತ್ರೆ ತೊಳಸನ್ನು ಹೆಚ್ಚಿಸಬಲ್ಲದು. ನಮ್ಮ ಸರ್ಕಾರಿ ಕ್ರಮದಲ್ಲಿ ಮೊದಲ ಮೂರು ತಿಂಗಳು ಫೋಲಿಕ್ ಆಮ್ಲ ಮಾತ್ರ, ಕಬ್ಬಿಣ ನಾಲ್ಕನೆಯ ತಿಂಗಳಿಂದ. ಆಗಲೂ ವಾಕರಿಕೆ ಇದ್ದರೆ ಮಾತ್ರೆಯನ್ನು ಗುಟ್ಟಾಗಿ ಎಸೆಯುವ ಬದಲು ಆಶಾ ಅಥವಾ ವೈದ್ಯರ ಬಳಿ ಹೇಳಿಕೊಂಡರೆ ಹೊತ್ತು ಬದಲಿಸಿ ಕೊಡುತ್ತಾರೆ.

ಇಡೀ ದಿನ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಎದ್ದರೆ ತಲೆಸುತ್ತಿದರೆ, ತೂಕ ಇಳಿಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಜೊತೆಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಹತ್ತು ವಾರ ಕಳೆದ ಮೇಲೆ ಮೊದಲ ಬಾರಿಗೆ ಶುರುವಾದ ವಾಂತಿಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ದ್ರವ, ಲವಣ ಕೊಟ್ಟು, ಗ್ಲೂಕೋಸಿಗೆ ಮೊದಲು ಥಯಾಮಿನ್ ಹಾಕುತ್ತಾರೆ. ಥಯಾಮಿನ್ ಬರಿದಾದವಳಿಗೆ ಬರೀ ಗ್ಲೂಕೋಸು ಏರಿಸಿದರೆ ಮಿದುಳಿನ ಹಾನಿ ಬೇಗನೆ ಎರಗಬಹುದು. ಮೆಟೊಕ್ಲೋಪ್ರಮೈಡ್, ಆಂಡನ್‌ಸೆಟ್ರಾನ್ ಮುಂತಾದವು ಮುಂದಿನ ಹಂತದ ಔಷಧಗಳು. ಮೊದಲ ತಿಂಗಳುಗಳಲ್ಲಿ ಆಂಡನ್‌ಸೆಟ್ರಾನ್ ಪಡೆದವರಲ್ಲಿ ಸೀಳುತುಟಿ, ಸೀಳು ಅಂಗುಳಿನ ಸಂಭವ 10,000ಕ್ಕೆ 3ರಷ್ಟು ಹೆಚ್ಚಬಹುದೆಂದು ದೊಡ್ಡದೊಂದು ಅಧ್ಯಯನ ಕಂಡಿದೆ. ತಾಯಿ ನಿತ್ರಾಣಳಾಗುವ ಅಪಾಯದ ಎದುರು ಇಟ್ಟು ನೋಡಿ ವೈದ್ಯರು ಇದನ್ನು ತೂಗಬೇಕು.

ಕಾರಣ ತಿಳಿದ ಮೇಲೆ ಎರಡು ಹೊಸ ದಾರಿಗಳು ತೆರೆದಿವೆ. ಒಂದು, ಜಿಡಿಎಫ್15 ಮಿದುಳನ್ನು ಮುಟ್ಟದಂತೆ ತಡೆಯುವುದು. ಕ್ಯಾನ್ಸರ್ ರೋಗಿಗಳು ಹಸಿವು ಸತ್ತು ಸೊರಗುವುದನ್ನು ತಡೆಯಲು ಸಿದ್ಧಪಡಿಸಿದ ಪಾನ್ಸೆಗ್ರೊಮ್ಯಾಬ್ ಎಂಬ ಪ್ರತಿಕಾಯ ಈ ಹಾರ್ಮೋನನ್ನು ಕಟ್ಟಿಹಾಕುತ್ತದೆ, ಅದನ್ನು ಪಡೆದ ರೋಗಿಗಳ ತೂಕ ಹೆಚ್ಚಿತೆಂದು 2024ರಲ್ಲಿ ವರದಿಯಾಯಿತು. ಆದರೆ ಬಸುರಿಯರಿಗೆ ಕೊಡುವ ಮೊದಲು, ಕೂಸಿಗೆ ಜಿಡಿಎಫ್15ರಿಂದ ಬೇರೆ ಯಾವ ಕೆಲಸವಾಗುತ್ತಿದೆ ಎಂಬುದು ತಿಳಿಯಬೇಕು. ಇನ್ನೊಂದು ದಾರಿ, ಬಸಿರಿಗೆ ಮೊದಲೇ ಮೈಯನ್ನು ಒಗ್ಗಿಸುವುದು. ಸಕ್ಕರೆ ಕಾಯಿಲೆಗೆ, ಪಿಸಿಒಡಿಗೆ ದಶಕಗಳಿಂದ ಬಳಸುವ ಅಗ್ಗದ ಮೆಟ್‌ಫಾರ್ಮಿನ್ ಮಾತ್ರೆ ರಕ್ತದ ಜಿಡಿಎಫ್15ನ್ನು ಏರಿಸುತ್ತದೆ. ಹಿಂದೆ ಅತಿವಾಂತಿಯಿಂದ ನರಳಿದವರು ಮತ್ತೆ ಬಸಿರಾಗುವ ಮೊದಲು ಇದನ್ನು ಕೆಲವು ವಾರ ತೆಗೆದುಕೊಂಡರೆ ಗುಣವಿದೆಯೇ ಎಂದು ಸಂಶೋಧಕರು ಪರೀಕ್ಷಿಸಲು ಹೊರಟಿದ್ದಾರೆ. ಗರ್ಭ ನಿಲ್ಲುವ ಮೊದಲಿನ ಚಿಕಿತ್ಸೆಯಾದ್ದರಿಂದ ಥಾಲಿಡೊಮೈಡ್ ಬಿಟ್ಟುಹೋದ ಭಯ ಇಲ್ಲಿ ಅಷ್ಟಾಗಿ ಅಡ್ಡ ಬರುವುದಿಲ್ಲ.